ಬಾನೆಟ್ ಕೆಳಗೆ ಒಂದು ಮನೆಪಾಠ

ಎಡಿಸನ್‌ನ ಫೋರ್ಡ್ ಕಾರ್ಖಾನೆ ಮುಚ್ಚಿ ಎರಡು ದಶಕ ಕಳೆದವು. ಅಲ್ಲಿ ಹುಟ್ಟಿದ ಮಸ್ಟಾಂಗ್‌ಗಳು ಇನ್ನೂ ಓಡುತ್ತಿವೆ. ಅದೇ ಊರಿನಲ್ಲಿ ಇಂದು ಲ್ಯಾಪ್‌ಟಾಪ್ ಮುಂದೆ ದುಡಿಯುವ ಕನ್ನಡದ ಅಪ್ಪ-ಅಮ್ಮಂದಿರು ಮಕ್ಕಳ ಜೊತೆ ಕೂತು ಒಂದು ಹಳೆಯ ಕಾರನ್ನು ಬಿಚ್ಚಬೇಕು. ಲಾಭಕ್ಕಲ್ಲ, ಮೋಜಿಗೂ ಅಲ್ಲ. ಮತ್ತೇಕೆ?

ಏಪ್ರಿಲ್ ತಿಂಗಳು. ಚಳಿಗಾಲವಿಡೀ ನ್ಯೂಜೆರ್ಸಿಯ ರಸ್ತೆಗಳಿಗೆ ಎರಚಿದ ಉಪ್ಪನ್ನು ಮಳೆ ತೊಳೆದುಕೊಂಡು ಹೋಗಿದೆ. ಗ್ಯಾರೇಜುಗಳ ಬಾಗಿಲು ಮೇಲಕ್ಕೆ ಸರಿಯುವ ಕಾಲ. ಹಳೆಯ ಮಸ್ಟಾಂಗ್ ಒಂದರ ಬಾನೆಟ್ ಎತ್ತಿ ನಿಲ್ಲಿಸಿದೆ. ಎಡಗಡೆ ಮಡ್‌ಗಾರ್ಡಿನ ಒಳಮೈ ತಗಡಿನ ಮೇಲೆ ಅರವತ್ತು ವರ್ಷದ ಎಣ್ಣೆಜಿಡ್ಡು ಧೂಳಿನ ಜೊತೆ ಸೇರಿ ಹಕ್ಕಳೆಗಟ್ಟಿದೆ. ದೊಡ್ಡವರು ಟಾರ್ಚ್ ಹಿಡಿದಿದ್ದಾರೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒಂದು ಸಣ್ಣ ಕೈ ಉಜ್ಜುತ್ತಿದೆ. ತಗಡಿಗೆ ಒತ್ತಿದ ಗುರುತುಸಂಖ್ಯೆಯಲ್ಲಿ ಮೊದಲು 5 ಕಾಣುತ್ತದೆ: 1965ರ ಮಾದರಿ. ಅದರ ಪಕ್ಕದಲ್ಲಿ ಇಂಗ್ಲಿಷಿನ ‘ಟಿ’. ಹಳೆಯ ಮಸ್ಟಾಂಗ್ ಮನೆಗೆ ತಂದವರೆಲ್ಲ ಮೊದಲು ಓದುವ ಸಾಲು ಇದು. ‘ಎಫ್’ ಇದ್ದರೆ ಮಿಷಿಗನ್‌ನ ಡಿಯರ್‌ಬಾರ್ನ್, ‘ಆರ್’ ಇದ್ದರೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ. ‘ಟಿ’ ಎಂದರೆ ಮೆಟಚನ್ ಕಾರ್ಖಾನೆ. ಅಂದರೆ ರೂಟ್ 1ರ ಪಕ್ಕದ ಎಡಿಸನ್. ಓಕ್ ಟ್ರೀ ರಸ್ತೆಗೆ ಹೋಗಿ ದೋಸೆಹಿಟ್ಟು, ಕರಿಬೇವು ತರುವ ಮನೆಯವರಿಗೆ ಅದು ನೆರೆಹೊರೆಯೇ.

ಆ ಕಾರ್ಖಾನೆ ಶುರುವಾಗಿದ್ದು 1948ರಲ್ಲಿ. ಆಗ ಊರಿನ ಹೆಸರು ರಾರಿಟನ್ ಟೌನ್‌ಶಿಪ್. ಅಲ್ಲಿನ ಮೆನ್ಲೋ ಪಾರ್ಕಿನಲ್ಲಿ ಪ್ರಯೋಗಶಾಲೆ ನಡೆಸಿದ ಥಾಮಸ್ ಎಡಿಸನ್ ಹೆಸರನ್ನು ಊರು ತನಗಿಟ್ಟುಕೊಂಡಿದ್ದು 1954ರಲ್ಲಿ. ಮಸ್ಟಾಂಗ್ ಜಗತ್ತಿಗೆ ಮುಖ ತೋರಿಸಿದ್ದೂ ಇಲ್ಲಿಂದ ಹೆಚ್ಚು ದೂರವಲ್ಲದ ಕಡೆ: 1964ರ ಏಪ್ರಿಲ್ 17ರಂದು, ಕ್ವೀನ್ಸ್‌ನ ಫ್ಲಶಿಂಗ್ ಮೆಡೋಸ್‌ನಲ್ಲಿ ನಡೆದ ವಿಶ್ವ ಮೇಳದಲ್ಲಿ. ಆರಂಭದ ಬೆಲೆ 2,368 ಡಾಲರ್. ಮೊದಲ ದಿನವೇ 22,000ಕ್ಕೂ ಹೆಚ್ಚು ಕಾರುಗಳಿಗೆ ಬೇಡಿಕೆ ಬಂತು. ಎರಡು ವರ್ಷ ತುಂಬುವ ಮೊದಲೇ ಹತ್ತು ಲಕ್ಷದ ಗಡಿ ದಾಟಿತು. ಆ ಬೇಡಿಕೆ ತೀರಿಸಲು ಎಡಿಸನ್‌ನಲ್ಲಿ 1965ರಿಂದ 1971ರವರೆಗೆ ಮಸ್ಟಾಂಗ್ ಕಟ್ಟಿದರು. 2004ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಈಗ ಆ ಜಾಗದಲ್ಲಿ ಅಂಗಡಿಸಾಲು ಇದೆ. ಹೆತ್ತ ಮನೆ ನೆಲಸಮವಾಗಿದೆ, ಮಕ್ಕಳು ಉಳಿದಿದ್ದಾರೆ.

ನ್ಯೂಯಾರ್ಕಿಗೂ ಸ್ಪೋರ್ಟ್ಸ್ ಕಾರಿಗೂ ಇರುವ ನಂಟು ಹಳೆಯದು. ಷೆವರ್ಲೆ ಕಾರ್ವೆಟ್ ಮೊದಲು ಕಾಣಿಸಿಕೊಂಡಿದ್ದು 1953ರ ಜನವರಿಯಲ್ಲಿ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ. ಮರ್ಸಿಡಿಸ್ 300 ಎಸ್‌ಎಲ್ ಮೊದಲ ದರ್ಶನ ಕೊಟ್ಟಿದ್ದು ಜರ್ಮನಿಯಲ್ಲಲ್ಲ, 1954ರ ನ್ಯೂಯಾರ್ಕ್ ಪ್ರದರ್ಶನದಲ್ಲಿ. ಅದನ್ನು ಮಾಡಿಸಲೇಬೇಕೆಂದು ಪಟ್ಟು ಹಿಡಿದವರು ವಿಯೆನ್ನಾದಿಂದ ವಲಸೆ ಬಂದಿದ್ದ ವ್ಯಾಪಾರಿ ಮ್ಯಾಕ್ಸ್ ಹಾಫ್‌ಮನ್. ಪಾರ್ಕ್ ಅವೆನ್ಯೂದಲ್ಲಿ ಅವರಿಗೆ ಮಳಿಗೆ ವಿನ್ಯಾಸ ಮಾಡಿಕೊಟ್ಟವರು ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್. 2013ರಲ್ಲಿ ಅದರ ಒಳಾಂಗಣವನ್ನು ಕಿತ್ತು ಹಾಕಿದರು. ಜಾಗ್ವಾರ್ ಇ-ಟೈಪ್ ಅಂತೂ 1996ರಲ್ಲಿ ಇಲ್ಲಿನ ಆಧುನಿಕ ಕಲಾ ಸಂಗ್ರಹಾಲಯದ ಸೊತ್ತಾಯಿತು. ಆ ಸಾಲಿನಲ್ಲಿ ಮಸ್ಟಾಂಗ್‌ಗೆ ಜಾಗ ಕೊಡಲು ಮಡಿವಂತರು ಒಪ್ಪುವುದಿಲ್ಲ. ಮನೆಮಂದಿಯ ಫೋರ್ಡ್ ಫಾಲ್ಕನ್ ಕಾರಿನ ಅಡಿಪಾಯದ ಮೇಲೆ ಕಟ್ಟಿದ, ಹಿಂದೆ ಸೀಟೂ ಇರುವ ಗಾಡಿ ಅದು. ನಿಜವೇ. ಸ್ಪರ್ಧೆಯಲ್ಲಿ ಸ್ಪೋರ್ಟ್ಸ್ ಕಾರು ಎನಿಸಿಕೊಳ್ಳಲು ರೇಸ್ ಕಾರು ಕಟ್ಟುತ್ತಿದ್ದ ಕ್ಯಾರಲ್ ಷೆಲ್ಬಿ, ಮಸ್ಟಾಂಗ್‌ನಿಂದಲೇ ರೂಪಿಸಿದ ಜಿಟಿ 350ರಲ್ಲಿ ಹಿಂದಿನ ಸೀಟನ್ನೇ ತೆಗೆದುಹಾಕಬೇಕಾಯಿತು. ನನ್ನ ವಾದಕ್ಕೆ ಮಾತ್ರ ಆ ಸಾಮಾನ್ಯ ಅಡಿಪಾಯವೇ ಅನುಕೂಲ. ಬಿಡಿಭಾಗ ಸುಲಭವಾಗಿ ಸಿಗುತ್ತವೆ, ರಚನೆ ಸರಳ, ಬಾನೆಟ್ ಎತ್ತಿದರೆ ಇಂಜಿನ್ನಿನ ಸುತ್ತ ಕೈಯಾಡಿಸಲು ಜಾಗವಿದೆ.

ನನ್ನ ವಾದ ಇಷ್ಟು. ವಲಸೆ ಬಂದ ಮನೆಗಳಲ್ಲಿ ಅಪ್ಪ-ಅಮ್ಮನಿಗೂ ಮಕ್ಕಳಿಗೂ ಒಟ್ಟಿಗೆ ಮಾಡುವ ಕೆಲಸ ಎಂಬುದು ಉಳಿದಿಲ್ಲ. ಕಾರಿನಲ್ಲಿ ಕರೆದೊಯ್ಯುವುದು, ಕರೆತರುವುದು, ಅಂಕ ಕೇಳುವುದು, ಊಟಕ್ಕೆ ಕರೆಯುವುದು, ಇವೆಲ್ಲ ಪ್ರೀತಿಯ ಕೆಲಸಗಳೇ. ಆದರೆ ಇವುಗಳಲ್ಲಿ ಒಬ್ಬರು ಮಾಡುವವರು, ಇನ್ನೊಬ್ಬರು ಮಾಡಿಸಿಕೊಳ್ಳುವವರು. ಅಪ್ಪ ದಿನವಿಡೀ ಏನು ಮಾಡುತ್ತಾರೆ ಎಂಬುದು ಮಗಳಿಗೆ ಕಾಣುವುದಿಲ್ಲ, ಅದು ಪರದೆಯೊಳಗಿದೆ. ಗಣಿತದಲ್ಲಿ ಅಪ್ಪ ಮೇಲು, ಅಮೆರಿಕದ ಇಂಗ್ಲಿಷಿನಲ್ಲಿ, ಶಾಲೆಯ ರೀತಿನೀತಿಯಲ್ಲಿ ಮಗಳು ಮೇಲು. ಹಳೆಯ ಕಾರಿನ ಮುಂದೆ ಇಬ್ಬರೂ ಹೊಸಬರು. 1965ರ ಫೋರ್ಡ್ ಷಾಪ್ ಮ್ಯಾನ್ಯುಯಲ್ ಇವತ್ತಿಗೂ ಮರುಮುದ್ರಣವಾಗಿ ಸಿಗುತ್ತದೆ. ಅದನ್ನು ಒಂದೇ ಮಟ್ಟದಲ್ಲಿ ಕೂತು ಓದಬೇಕು. ಅಪ್ಪನ ದೊಡ್ಡ ದನಿಗೆ ಇಂಜಿನ್ ಹೆದರುವುದಿಲ್ಲ, ಮಗಳ ಜಾಣತನಕ್ಕೂ ಮರುಳಾಗುವುದಿಲ್ಲ. ಸರಿ ಮಾಡಿದರೆ ಹೊತ್ತಿಕೊಳ್ಳುತ್ತದೆ, ಇಲ್ಲದಿದ್ದರೆ ಇಲ್ಲ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಮಸ್ಟಾಂಗ್‌ನ 289 ವಿ8 ಇಂಜಿನ್ನಿನಲ್ಲಿ ಎಂಟು ಸಿಲಿಂಡರ್. ಮುಂದಿನಿಂದ ಹಿಂದಕ್ಕೆ, ಬಲಗಡೆ 1ರಿಂದ 4, ಎಡಗಡೆ 5ರಿಂದ 8. ಅವು ಸಾಲಾಗಿ ಕಿಡಿ ಪಡೆಯುವುದಿಲ್ಲ. ಕ್ರಮ ಹೀಗಿದೆ: 1-5-4-2-6-3-7-8. ಡಿಸ್ಟ್ರಿಬ್ಯೂಟರ್ ಒಳಗಿನ ರೋಟರ್ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸುತ್ತುತ್ತದೆ, ಎಂಟು ವೈರುಗಳನ್ನು ಆ ಸುತ್ತಿಗೆ ತಕ್ಕಂತೆ ಕೂರಿಸಬೇಕು. ಎರಡು ವೈರು ಅದಲುಬದಲಾದರೆ ಇಂಜಿನ್ ಕೆಮ್ಮುತ್ತದೆ, ಕಾರ್ಬ್ಯುರೇಟರ್ ಬಾಯಿಂದ ಬೆಂಕಿ ಉಗುಳಿದರೂ ಉಗುಳೀತು. ಹದಿಮೂರು ವರ್ಷದ ಮಗು ಈ ಎಂಟು ಅಂಕಿಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಬಲ್ಲದು. ಅದಕ್ಕಿಂತ ದೊಡ್ಡದು, ಆ ಅಂಕಿಗಳಿಗೆ ಕಾರಣ ಇದೆ ಎಂದು ಅದಕ್ಕೆ ತಿಳಿಯುವುದು. ಕಿಡಿಗಳನ್ನು ಇಂಜಿನ್ನಿನ ಉದ್ದಕ್ಕೂ ಹಂಚದಿದ್ದರೆ ನಡುಕ ಹೆಚ್ಚುತ್ತದೆ, ಕ್ರ್ಯಾಂಕ್ ಷಾಫ್ಟಿಗೆ ಪೆಟ್ಟು. ಇಂದಿನ ಕಾರಿನಲ್ಲೂ ಇಂಥದೇ ಕ್ರಮ ಇದೆ. ಆದರೆ ಅದನ್ನು ಕಂಪ್ಯೂಟರ್ ನಡೆಸುತ್ತದೆ, ಮೇಲೆ ಪ್ಲಾಸ್ಟಿಕ್ ಮುಚ್ಚಳ ಕೂತಿದೆ. ಕೊಂಡ ವಸ್ತುವನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕಿಗಾಗಿ ನ್ಯೂಯಾರ್ಕ್ ರಾಜ್ಯ 2022ರ ಕೊನೆಯಲ್ಲಿ ಎಲೆಕ್ಟ್ರಾನಿಕ್ ಸಾಧನಗಳಿಗೆ ಒಂದು ಕಾನೂನನ್ನೇ ತರಬೇಕಾಯಿತು, ಅದೂ ಮೋಟಾರು ವಾಹನಗಳನ್ನು ಹೊರಗಿಟ್ಟು. ಬಿಚ್ಚಿ ನೋಡುವುದೇ ಕಾನೂನಿನ ವಿಷಯವಾದ ಕಾಲದಲ್ಲಿ ಬೆಳೆಯುವ ಮಕ್ಕಳಿಗೆ, ಸ್ಪ್ಯಾನರ್ ಹಾಕಿದರೆ ಬಾಯಿಬಿಡುವ ಯಂತ್ರವೊಂದು ಮನೆಯಲ್ಲಿರುವುದು ಸಣ್ಣ ಸಂಗತಿಯಲ್ಲ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಮುಖ್ಯ. ಅಮೆರಿಕದಲ್ಲಿ ಬೆಳೆಯುವ ಹೆಚ್ಚಿನ ಕನ್ನಡ ಮಕ್ಕಳಿಗೆ ಬರುವುದು ಅಡುಗೆಮನೆಯ ಕನ್ನಡ. ಊಟ ಆಯ್ತಾ, ಸ್ನಾನ ಮಾಡು, ಅಜ್ಜಿ ಜೊತೆ ಮಾತಾಡು. ವಾರಾಂತ್ಯದ ಕನ್ನಡ ತರಗತಿಗಳು ಅಕ್ಷರ ಕಲಿಸುತ್ತವೆ, ಹಾಡು ಕಲಿಸುತ್ತವೆ. ಅವುಗಳ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಭಾಷೆ ಗಟ್ಟಿಯಾಗುವುದು ಕೆಲಸದ ನಡುವೆ, ಎರಡೂ ಕೈ ಕಟ್ಟಿಹೋಗಿರುವಾಗ, ಬೇರೆ ದಾರಿಯಿಲ್ಲದೆ ಬಾಯಿಂದ ಬೀಳುವ ಮಾತಿನಲ್ಲಿ. ಹಿಡ್ಕೋ. ಬಿಡಬೇಡ. ಸಡಿಲ ಮಾಡು. ಇನ್ನೊಂದು ಸುತ್ತು. ಸಾಕು, ತಿರುಪಿನ ಮರೆ ಹೋದೀತು. ತುಕ್ಕು, ತಗಡು, ಬಿಗಿ, ಜಾರು, ಒರಟು, ನುಣುಪು, ಓರೆ, ಸೊಟ್ಟ: ಈ ಮಾತುಗಳಿಗೆ ಊಟದ ಮೇಜಿನ ಬಳಿ ಕೆಲಸವೇ ಇಲ್ಲ. ನಮ್ಮ ವರ್ಕ್‌ಷಾಪುಗಳು ಸ್ಪ್ಯಾನರ್, ಟಿಂಕರಿಂಗ್, ಗುಜರಿ, ಡಿಕ್ಕಿ ಎಂಬ ಪದಗಳನ್ನು ಎಂದೋ ಒಳಗೆ ಸೇರಿಸಿಕೊಂಡು ತಮ್ಮದೇ ಕನ್ನಡ ಕಟ್ಟಿಕೊಂಡಿವೆ. ಅಲ್ಲಿ ‘ಹತ್ತು-ಹನ್ನೊಂದು ಕೊಡೋ’ ಎಂದರೆ ಹುಡುಗ ಸರಿಯಾದ ಸ್ಪ್ಯಾನರ್ ಎತ್ತಿಕೊಡುತ್ತಾನೆ. ಎಡಿಸನ್ ಕಾರಿಗೆ ಅಂಗುಲದ ಅಳತೆ. ಅರ್ಧ ಅಂಗುಲದ್ದು ದೊಡ್ಡದಾಯಿತು, ಹದಿನಾರರಲ್ಲಿ ಏಳು ಕೊಡು ಎನ್ನಬೇಕು. ಭಿನ್ನರಾಶಿಯನ್ನು ಕನ್ನಡದಲ್ಲಿ, ಅಂಗೈಯಲ್ಲಿ ಕಲಿಸುವ ಬೇರೆ ಮೇಷ್ಟ್ರನ್ನು ನ್ಯೂಜೆರ್ಸಿಯಲ್ಲಿ ಹುಡುಕುವುದು ಕಷ್ಟ.

ನೂರು ವರ್ಷ ಹಿಂದಿನ ಹೆಣ್ಣುಮಗಳು
ನ್ಯೂಜೆರ್ಸಿಯ ಹ್ಯಾಕೆನ್ಸ್ಯಾಕ್ ಊರಿನ ಆಲಿಸ್ ರಾಮ್ಸೆ 1909ರ ಜೂನ್ 9ರಂದು ಮ್ಯಾನ್‌ಹಾಟನ್‌ನಿಂದ ಮ್ಯಾಕ್ಸ್‌ವೆಲ್ ಕಾರಿನಲ್ಲಿ ಹೊರಟರು. ವಯಸ್ಸು 22. ಜೊತೆಗೆ ಮೂವರು ಹೆಂಗಸರು, ಯಾರಿಗೂ ಗಾಡಿ ಓಡಿಸಲು ಬರುತ್ತಿರಲಿಲ್ಲ. 59 ದಿನಗಳಲ್ಲಿ, ಸುಮಾರು 3,800 ಮೈಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿದರು. ದಾರಿಯಲ್ಲಿ 11 ಟೈರ್ ಬದಲಿಸಿದರು, ಪ್ಲಗ್‌ಗಳನ್ನು ತಾವೇ ಬಿಚ್ಚಿ ತೊಳೆದರು. ಅಮೆರಿಕ ಖಂಡವನ್ನು ಕಾರಿನಲ್ಲಿ ಅಡ್ಡ ಹಾಯ್ದ ಮೊದಲ ಮಹಿಳೆ ಅವರು.

ಆಲಿಸ್ ಅವರನ್ನು ನೆನೆಯಲು ಕಾರಣವಿದೆ. ಅಪ್ಪ-ಮಗ ಕಾರು ರಿಪೇರಿ ಮಾಡುವ ಚಿತ್ರ ಅಮೆರಿಕದಲ್ಲಿ ಎಷ್ಟು ಸವೆದಿದೆಯೆಂದರೆ, ಅಲ್ಲಿ ಅಮ್ಮನೂ ಮಗಳೂ ಇರಬಹುದು ಎಂಬುದೇ ಮರೆತುಹೋಗಿದೆ. ಜನರಲ್ ಮೋಟರ್ಸ್‌ನವರು 1930ರಿಂದ 1968ರವರೆಗೆ ನಡೆಸಿದ ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್ ಸ್ಪರ್ಧೆಯಲ್ಲಿ ಮಕ್ಕಳು ಕೈಯಾರೆ ಮಾದರಿ ಕಾರು ಮಾಡಿ ಕಾಲೇಜಿನ ವಿದ್ಯಾರ್ಥಿವೇತನ ಗೆಲ್ಲುತ್ತಿದ್ದರು. ಅದು ಗಂಡುಹುಡುಗರಿಗೆ ಮಾತ್ರ. ನಮ್ಮ ಮನೆಗಳಿಗೆ ಆ ಹಳೆಯ ಗೋಡೆಯನ್ನು ಹೊತ್ತು ತರುವ ಅಗತ್ಯವಿಲ್ಲ. ಕಾರ್ಬ್ಯುರೇಟರ್‌ನ ಸಣ್ಣ ಜೆಟ್ಟುಗಳನ್ನು ಬಿಚ್ಚಿ ಜೋಡಿಸುವುದಕ್ಕೆ ಬೇಕಾದ್ದು ತೋಳ್ಬಲವಲ್ಲ, ತಾಳ್ಮೆ ಮತ್ತು ತೆಳು ಬೆರಳು.

ಆಕ್ಷೇಪಗಳು ಇವೆ, ಅವು ಹಗುರವಾದವಲ್ಲ. ಮೊದಲನೆಯದು ದುಡ್ಡು. ಹಳೆಯ ಕಾರಿನ ಮೇಲೆ ಹಾಕಿದ ಹಣ ಮಾರುವಾಗ ಮರಳಿ ಬರುವುದಿಲ್ಲ. ಬಣ್ಣ, ಟಿಂಕರಿಂಗ್, ಕ್ರೋಮ್ ಲೇಪನ ಸೇರಿದರೆ ಖರ್ಚು ಕಾರಿನ ಬೆಲೆಯನ್ನೇ ಮೀರುವುದು ಸಾಮಾನ್ಯ. ಇದನ್ನು ಹೂಡಿಕೆ ಎಂದು ಮನೆಯವರನ್ನು ಒಪ್ಪಿಸಲು ಹೊರಟವರು ಸುಳ್ಳಿನಿಂದ ಶುರು ಮಾಡಿದಂತೆ. ಪಿಟೀಲು ತರಗತಿಯಿಂದ, ಈಜಿನ ತರಬೇತಿಯಿಂದ ಹಣ ವಾಪಸು ಬರಲಿ ಎಂದು ಯಾರೂ ಕಾಯುವುದಿಲ್ಲ. ಇದನ್ನೂ ಆ ಲೆಕ್ಕದಲ್ಲೇ ಬರೆಯಬೇಕು. ಖರ್ಚನ್ನು ಹಿಡಿತದಲ್ಲಿಡುವ ದಾರಿ ಮೊದಲ ಆಯ್ಕೆಯಲ್ಲೇ ಇದೆ. ಇಳಿಜಾರು ಬೆನ್ನಿನ ಫಾಸ್ಟ್‌ಬ್ಯಾಕ್ ಮೋಹ ಬಿಟ್ಟು ಆರು ಸಿಲಿಂಡರಿನ ಸಾದಾ ಕೂಪೆ ತಂದರೆ ಕೊಳ್ಳುವ ಬೆಲೆಯೂ ಕಡಿಮೆ, ಇಂಜಿನ್ನೂ ಸರಳ. ಪ್ಲಗ್ ಆರೇ, ಕಿಡಿಯ ಕ್ರಮ 1-5-3-6-2-4. ಕಲಿಯುವ ಮಗುವಿಗೆ ಸಾಲಾಗಿ ನಿಂತ ಆರು ಸಿಲಿಂಡರ್ ಎಂಟಕ್ಕಿಂತ ಒಳ್ಳೆಯ ಗುರು.

ಎರಡನೆಯದು ಅಪಾಯ. ಇದಕ್ಕೆ ನಾನು ಪೂರ್ತಿ ತಲೆಬಾಗುತ್ತೇನೆ. 1965ರ ಮಸ್ಟಾಂಗ್‌ನಲ್ಲಿ ಬ್ರೇಕಿಗೆ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ಜಾಡು. ಒಂದು ಕಡೆ ಬ್ರೇಕ್ ಆಯಿಲ್ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಪೆಟ್ರೋಲ್ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ. ಹಿಂದಿನಿಂದ ಗುದ್ದಿದರೆ ಪೆಟ್ರೋಲಿಗೂ ಕೂತವರಿಗೂ ನಡುವೆ ಇರುವ ತಡೆ ತೀರಾ ಕಡಿಮೆ. ಮಸ್ಟಾಂಗ್‌ಗೆ ಎರಡು ಜಾಡಿನ ಬ್ರೇಕ್ 1967ರಲ್ಲಿ ಬಂತು. 1966ರ ವಾಹನ ಸುರಕ್ಷತಾ ಕಾಯ್ದೆಯ ಬೆನ್ನಿಗೆ, 1968ರಿಂದ ಅದು ಅಮೆರಿಕದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಆದ್ದರಿಂದ ಮಗು ಕೂರುವ ಕಾರಿನಲ್ಲಿ ‘ಕಾರ್ಖಾನೆಯಿಂದ ಬಂದಂತೆಯೇ ಇರಬೇಕು’ ಎಂಬ ಹಟ ತಪ್ಪು ಎಂದೇ ನನ್ನ ಅಭಿಪ್ರಾಯ. ಜೋಡಿ ಮಾಸ್ಟರ್ ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಭುಜದ ಬೆಲ್ಟ್, ಟ್ಯಾಂಕಿಗೂ ಸೀಟಿಗೂ ನಡುವೆ ಉಕ್ಕಿನ ಹಲಗೆ, ಇವನ್ನು ಹಾಕಿಸಲೇಬೇಕು. ಯಾಕೆ ಹಾಕಿದೆವು ಎಂದು ಮಗುವಿಗೆ ವಿವರಿಸುವುದು ಈ ಪಾಠದ ಅತ್ಯಂತ ಗಂಭೀರ ಅಧ್ಯಾಯ. ಹಳೆಯದೆಲ್ಲ ಚೆನ್ನ ಎಂಬ ಭಾವುಕತೆ ಅಲ್ಲಿ ಕರಗುತ್ತದೆ. ಆ ಕಾಲದ ಇಂಜಿನಿಯರರು ಏನನ್ನು ಕಡೆಗಣಿಸಿದರು, ಜನ ಯಾವುದಕ್ಕಾಗಿ ಹೋರಾಡಿ ಕಾನೂನು ತಂದರು ಎಂಬುದು ಬ್ರೇಕ್ ಪೈಪಿನಲ್ಲೇ ಕಾಣುತ್ತದೆ.

ಕೈ ಹಾಕುವ ಮುನ್ನ
ಬರೀ ಜಾಕ್ ಮೇಲೆ ನಿಂತ ಕಾರಿನ ಅಡಿಗೆ ಯಾರೂ ನುಸುಳಬಾರದು. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಅಲುಗಿಸಿ ನೋಡಿದ ಮೇಲೆ ಮಾತ್ರ. ಹಳೆಯ ಬ್ರೇಕ್ ಷೂ ಮತ್ತು ಕ್ಲಚ್ಚಿನ ಧೂಳಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು: ಊದಬೇಡಿ, ಗಾಳಿ ಹೊಡೆಯಬೇಡಿ, ಮಕ್ಕಳನ್ನು ದೂರವಿಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜುವುದು ಬೇಡ. ವೆಲ್ಡಿಂಗ್ ಮತ್ತು ಪೆಟ್ರೋಲ್ ಟ್ಯಾಂಕಿನ ಕೆಲಸ ಬಲ್ಲವರ ಕೈಗೆ ಬಿಡಿ.

ಮೂರನೆಯ ಆಕ್ಷೇಪ ಹೊಗೆ. ಈ ಪ್ರಶ್ನೆಗೆ ಪೂರ್ತಿ ಉತ್ತರ ನನ್ನಲ್ಲಿಲ್ಲ. ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಅಮೆರಿಕದ ಕಾರುಗಳಲ್ಲಿ ವ್ಯಾಪಕವಾಗಿದ್ದು 1975ರ ಮಾದರಿಗಳಿಂದ. ಅದಕ್ಕೂ ಹಿಂದಿನ ಕಾರು ಪ್ರತಿ ಮೈಲಿಗೆ ಇಂದಿನ ಕಾರಿಗಿಂತ ಹಲವು ಪಟ್ಟು ಹೊಲಸು ಗಾಳಿ ಬಿಡುತ್ತದೆ. ನ್ಯೂಜೆರ್ಸಿಯಲ್ಲಿ 25 ವರ್ಷ ದಾಟಿದ, ಸಂಗ್ರಹಕ್ಕೆಂದು ಇಟ್ಟುಕೊಂಡ ಕಾರಿಗೆ ‘ಕ್ಯೂಕ್ಯೂ’ ಅಕ್ಷರದ ಐತಿಹಾಸಿಕ ನಂಬರ್ ಪ್ಲೇಟ್ ಕೊಡುತ್ತಾರೆ. ಅದಕ್ಕೆ ವಾಹನ ತಪಾಸಣೆಯಿಂದ ವಿನಾಯಿತಿ ಇದೆ. ಬದಲಿಗೆ ಪ್ರದರ್ಶನ ಮತ್ತು ಶಿಕ್ಷಣದ ಉದ್ದೇಶಕ್ಕಷ್ಟೇ ಓಡಿಸಬೇಕು, ದಿನನಿತ್ಯದ ಓಡಾಟಕ್ಕಿಲ್ಲ. ಭಾರತದಲ್ಲೂ 2021ರ ನಿಯಮದಂತೆ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಅಕ್ಷರದ ಪ್ರತ್ಯೇಕ ನೋಂದಣಿ ಇದೆ. ನಿತ್ಯ ಬಳಕೆಗೆ ಅಲ್ಲೂ ಅವಕಾಶವಿಲ್ಲ. ಈ ಮಿತಿಯನ್ನು ಪ್ರಾಮಾಣಿಕವಾಗಿ ಪಾಲಿಸಿದರೆ ಹೊಗೆಯ ಪಾಲು ಚಿಕ್ಕದು. ಪಾಲಿಸದಿದ್ದರೆ ಆಕ್ಷೇಪ ಮಾಡುವವರದೇ ಗೆಲುವು. ಇಂಜಿನ್ ಕಿತ್ತು ಬ್ಯಾಟರಿ ಕೂರಿಸುವವರೂ ಈಗ ಇದ್ದಾರೆ. ಅದು ತಪ್ಪಲ್ಲ, ಆದರೆ ಅದು ಬೇರೆ ಪಾಠ.

ಕೊನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ತೂಕದ ಆಕ್ಷೇಪ: ಇದು ಅಪ್ಪನ ಆಸೆ, ಮಗಳ ಕೊರಳಿಗೆ ಯಾಕೆ? ಇಂಥ ಎಷ್ಟೋ ಕೆಲಸಗಳಲ್ಲಿ ಅಪ್ಪ ಕಾರಿನಡಿ ಮಲಗಿರುತ್ತಾನೆ, ಮಗು ಮೂರು ಗಂಟೆ ಟಾರ್ಚ್ ಹಿಡಿದು ನಿಂತಿರುತ್ತದೆ. ಅದು ಕಲಿಕೆಯಲ್ಲ, ಜೀತ. ಹಾಗಾಗದಿರಲು ಒಂದೇ ದಾರಿ, ಕಾರಿನ ಒಂದು ಭಾಗವನ್ನು ಪೂರ್ತಿ ಮಗುವಿಗೆ ಒಪ್ಪಿಸಿಬಿಡುವುದು. ಕಾರ್ಬ್ಯುರೇಟರ್ ಅವಳದು ಎಂದರೆ ಅವಳದೇ. ಬಿಚ್ಚುವುದು, ಪ್ರತಿ ತಿರುಪನ್ನು ಚೀಲಕ್ಕೆ ಹಾಕಿ ಹೆಸರು ಬರೆಯುವುದು, ತಪ್ಪು ಜೋಡಿಸಿ ಮತ್ತೆ ಬಿಚ್ಚುವುದು, ಎಲ್ಲ. ಅಪ್ಪ ಕೈ ಕಟ್ಟಿ ಕೂರಬೇಕು. ಬಣ್ಣ ಯಾವುದು ಎಂಬುದೂ ಅವಳ ತೀರ್ಮಾನವಾಗಲಿ. ಡ್ರೈವರ್ ಬಾಗಿಲ ಅಂಚಿಗೆ ರಿವೆಟ್ ಹೊಡೆದ ಸಣ್ಣ ಫಲಕದಲ್ಲಿ ಮೂಲ ಬಣ್ಣದ ಸಂಕೇತ ಇರುತ್ತದೆ; ಅದನ್ನು ಓದಿದ ಮೇಲೆ ಅದೇ ಬಣ್ಣ ಬೇಕೋ ಬೇರೆಯೋ ಎಂದು ಅವಳು ಯೋಚಿಸಲಿ. ವಯಸ್ಸಿನ ಲೆಕ್ಕವೂ ಅನುಕೂಲವಾಗಿದೆ. ನ್ಯೂಜೆರ್ಸಿಯಲ್ಲಿ 17 ತುಂಬುವವರೆಗೆ ಒಬ್ಬರೇ ಗಾಡಿ ಓಡಿಸುವಂತಿಲ್ಲ. ಹದಿಮೂರರಲ್ಲಿ ಶುರು ಮಾಡಿದರೆ ಅವಸರವಿಲ್ಲದ ನಾಲ್ಕು ವರ್ಷ ಕೈಯಲ್ಲಿವೆ. ಅದರ ನಡುವೆ ಬೇಡ ಅನ್ನಿಸಿದರೆ ಬಿಡುವ ಹಕ್ಕೂ ಅವಳಿಗಿರಬೇಕು.

ಮಸ್ಟಾಂಗೇ ಆಗಬೇಕೆಂದಿಲ್ಲ. ಅರವತ್ತರ ದಶಕದಲ್ಲಿ ಮದರಾಸಿನಲ್ಲಿ ತಯಾರಾಗಿ ಬೆಂಗಳೂರು, ಮೈಸೂರಿನ ಬೀದಿಗಳಲ್ಲಿ ಓಡಾಡಿದ ಸ್ಟ್ಯಾಂಡರ್ಡ್ ಹೆರಾಲ್ಡ್ ಹಿರಿಯರಿಗೆ ನೆನಪಿರಬಹುದು. ಅದರ ಚಾಸಿಯನ್ನೇ ಗಿಡ್ಡ ಮಾಡಿ ಕಟ್ಟಿದ ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಟ್ರಯಂಫ್ ಸ್ಪಿಟ್‌ಫೈರ್. 1962ರಿಂದ 1980ರವರೆಗೆ ಬಂದ ಅದು ಅಮೆರಿಕದಲ್ಲಿ ಧಾರಾಳವಾಗಿ ಮಾರಾಟವಾಯಿತು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಬಾನೆಟ್ ಎಳೆದರೆ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಒಬ್ಬರು ಎಡ ಚಕ್ರದ ಮೇಲೆ, ಒಬ್ಬರು ಬಲ ಚಕ್ರದ ಮೇಲೆ ಕೂತು, ನಡುವೆ ಇಂಜಿನ್ ಇಟ್ಟುಕೊಂಡು ಕೆಲಸ ಮಾಡಬಹುದು. ಅಜ್ಜ ಮೈಸೂರಿನಲ್ಲಿ ಓಡಿಸಿದ ಹೆರಾಲ್ಡ್‌ಗೆ ಇದು ದಾಯಾದಿ ಎಂದು ಮೊಮ್ಮಗಳಿಗೆ ಹೇಳುವ ಅವಕಾಶ ಇದ್ದವರು ಅದನ್ನು ಬಿಡಬಾರದು. ಇನ್ನು ಊರಿನಲ್ಲೇ ಇರುವವರಿಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಬೈಕುಗಳಿವೆ. 1961ರಿಂದ 1996ರವರೆಗೆ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಎಷ್ಟೋ ಮನೆಯ ಷೆಡ್ಡಿನಲ್ಲಿ ತಾಡಪಾಲು ಹೊದ್ದು ಮಲಗಿವೆ.

ಮಸ್ಟಾಂಗ್ ಕೊಳ್ಳಲು ಹೋಗುವವರಿಗೆ ಒಂದು ಪರೀಕ್ಷೆ ಇದೆ, ಅದಕ್ಕೆ ಇಬ್ಬರು ಬೇಕೇಬೇಕು. ಮುಂದಿನ ಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂದೆ, ಗಾಳಿ ಒಳಸೇರಲು ಸೀಳುಗಳಿರುವ ಒಂದು ಪಟ್ಟಿ ಇದೆ. ಅದರ ಅಡಿಯಲ್ಲಿ ಎರಡು ತಗಡುಗಳ ನಡುವಿನ ತೊಟ್ಟಿ ಕಣ್ಣಿಗೆ ಬೀಳುವುದಿಲ್ಲ. ಉದುರಿದ ಎಲೆ, ಮಳೆನೀರು ಸೇರಿ ದಶಕಗಳ ಕಾಲ ಕೊಳೆತು ತುಕ್ಕು ಹಿಡಿಯುವುದು ಅಲ್ಲೇ. ಸರಿಯಾಗಿ ರಿಪೇರಿ ಮಾಡಬೇಕೆಂದರೆ ಸಾಲುಸಾಲು ಸ್ಪಾಟ್ ವೆಲ್ಡ್‌ಗಳನ್ನು ಕೊರೆದು ತಗಡನ್ನೇ ಎತ್ತಬೇಕು, ತಿಂಗಳುಗಟ್ಟಲೆ ಕೆಲಸ. ಹೊರಗಿನ ಬಣ್ಣ ಎಷ್ಟು ಹೊಳೆದರೂ ಇದನ್ನು ನೋಡದೆ ದುಡ್ಡು ಕೊಡಬಾರದು. ದೊಡ್ಡವರು ಹೊರಗೆ ನಿಂತು ಸೀಳುಗಳ ಮೇಲೆ ತಂಬಿಗೆಯಿಂದ ನಿಧಾನವಾಗಿ ನೀರು ಹೊಯ್ಯಬೇಕು. ಮಗು ಒಳಗೆ, ಡ್ಯಾಶ್‌ಬೋರ್ಡ್ ಅಡಿಗೆ ತಲೆ ತೂರಿಸಿ, ಟಾರ್ಚ್ ಬೆಳಕಿನಲ್ಲಿ ಮೇಲಕ್ಕೆ ನೋಡುತ್ತಾ ಮಲಗಿರಬೇಕು. ಒಂದು ತಂಬಿಗೆ ಮುಗಿದ ಮೇಲೆ ಇನ್ನೊಂದು. ಒಳಗಿನಿಂದ ‘ಅಪ್ಪಾ, ಎಡಗಡೆ ತೊಟ್ಟಿಕ್ತಾ ಇದೆ’ ಎಂದು ಕೂಗು ಬಂದರೆ ಬೆಲೆ ಇಳಿಸಲು ಕೇಳಿ, ಇಲ್ಲವೇ ಎದ್ದು ಬನ್ನಿ.